ಗಂಟಲು ಅಂದರೆ ಯಾವ ಗಂಟಲು?

ಎಪಿಸೋಡ್‌ನಲ್ಲಿ ಈ ವಿಷಯ ಎತ್ತಿ ಅರ್ಧಕ್ಕೇ ಬಿಟ್ಟಿದ್ದೆ. ಮಾತಾಡುವಾಗ ಅಂಕಿಸಂಖ್ಯೆ ಕಿವಿಯಲ್ಲಿ ನಿಲ್ಲೋದಿಲ್ಲ, ಪ್ರೋಟೀನ್‌ಗಳ ಹೆಸರು ಅಂತೂ ಕೇಳೋದೇ ಬೇಡ. ಅದಕ್ಕೆ ಬರೆದು ಹೇಳ್ತಿದ್ದೀನಿ. ಕನ್ನಡ ಓದೋಕೆ ಈಗಷ್ಟೇ ರೂಢಿ ಮಾಡಿಕೊಳ್ತಿರುವವರು ನಿಧಾನಕ್ಕೆ ಓದಿ, ಅವಸರವೇನಿಲ್ಲ.

ಮಸ್ಕತ್‌ನ ರೂವಿಯಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ದುಡಿದ, ಕುಂದಾಪುರ ಕಡೆಯವರೊಬ್ಬರಿದ್ದಾರೆ. ನಮಗೆ ರಕ್ತಸಂಬಂಧ ಏನಿಲ್ಲ, ಆದರೂ ನಾನು ಅವರನ್ನು ಮಾವ ಅಂತಲೇ ಕರೆಯೋದು. ಅವರ ಕುತ್ತಿಗೆಯ ಬಲಗಡೆ ಒಂದು ಗಂಟು ಕಾಣಿಸಿಕೊಂಡಿತು. ನೋವಿಲ್ಲ ಅಂತ ಮೂರು ತಿಂಗಳು ಸುಮ್ಮನಿದ್ದರು. ಕೊನೆಗೆ ಇಲ್ಲೇ ಮಸ್ಕತ್‌ನಲ್ಲಿ ಬಯಾಪ್ಸಿ ಆಯಿತು. ಟಾನ್ಸಿಲ್‌ನ ಕ್ಯಾನ್ಸರ್, ಕುತ್ತಿಗೆಯ ಗ್ರಂಥಿಗಳಿಗೂ ಹರಡಿದೆ ಅಂತ ಗೊತ್ತಾಯಿತು. ರಿಪೋರ್ಟಿನ ಕೊನೆಯ ಸಾಲು: ‘ಪಿ16 ಪಾಸಿಟಿವ್’. ಗಲ್ಫ್‌ನಲ್ಲಿರುವ ಎಷ್ಟೋ ಜನರ ಹಾಗೆ ಅವರೂ ಚಿಕಿತ್ಸೆಗೆ ಊರಿಗೆ ಹೋಗೋದು ಅಂತ ತೀರ್ಮಾನ ಮಾಡಿದರು. ಅಷ್ಟರಲ್ಲಿ ರಿಪೋರ್ಟಿನ ಫೋಟೊ ವಾಟ್ಸ್ಆ್ಯಪ್‌ನಲ್ಲಿ ನ್ಯೂಜೆರ್ಸಿಯ ಸೊಸೆಮಗಳಿಗೆ ಹೋಗಿತ್ತು. ಆಕೆ ಅಮೆರಿಕದ ಪುಟಗಳನ್ನು ಓದಿ ಗ್ರೂಪ್‌ನಲ್ಲಿ ಬರೆದಳು: ಪಿ16 ಪಾಸಿಟಿವ್ ಅಂದ್ರೆ ಇದು ಎಚ್‌ಪಿವಿ ಅನ್ನೋ ವೈರಸ್‌ನಿಂದ ಬಂದದ್ದು, ಇಂಥ ಕ್ಯಾನ್ಸರ್ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತೆ, ಯಾರೂ ಹೆದರಬೇಡಿ. ಗ್ರೂಪ್ ತುಂಬ ಕೈಮುಗಿದ ಚಿತ್ರಗಳು.

ಎರಡು ದಿನ ಬಿಟ್ಟು ಅತ್ತೆ ನನಗೆ ಫೋನ್ ಮಾಡಿದರು. ಆಚೆ ಈಚೆ ಮಾತಾಡಿ, ಕೊನೆಗೆ ದನಿ ತಗ್ಗಿಸಿ ಕೇಳಿದರು: “ನೀನ್ ಓದಿದ್ದಿ ಅಲ್ದಾ, ಹೇಳ್ ಕಾಂಬ. ಈ ವೈರಸ್ ಎಲ್ಲಿಂದ ಬಂತ್?”

ಅವರೂ ಗೂಗಲ್ ಮಾಡಿದ್ದರು.

ನಾನು ಡಾಕ್ಟರ್ ಅಲ್ಲ. ಡೇಟಾ ಸೈನ್ಸ್ ನನ್ನ ಹೊಟ್ಟೆಪಾಡು. ಯಾವುದೋ ಒಂದು ಸಂಕೇತ ನೋಡಿ ಅದರ ಹಿಂದೆ ಏನಿದೆ ಅಂತ ಊಹಿಸೋದು, ಆ ಊಹೆ ಎಲ್ಲಿ ಕೈಕೊಡುತ್ತೆ ಅಂತ ಹುಡುಕೋದು, ಇದೇ ದಿನದ ಕೆಲಸ. ಹಾಗಾಗಿ ಈ ಬರಹದಲ್ಲಿ ನಾನು ವಿಮರ್ಶೆ ಮಾಡ್ತಿರೋದು ಯಾವ ವೈದ್ಯರನ್ನೂ ಅಲ್ಲ, ಆ ಸೊಸೆಮಗಳನ್ನೂ ಅಲ್ಲ. ಆಕೆಗೂ ಅತ್ತೆಗೂ ಒಂದೇ ಕಡೆಯಿಂದ ಬಂದು ತಲುಪಿದ ಒಂದು ಕತೆಯನ್ನು. ‘ಗಂಟಲು ಕ್ಯಾನ್ಸರ್‌ಗೆ ಈಗ ವೈರಸ್ ಕಾರಣ, ಅದು ಲೈಂಗಿಕ ಸಂಪರ್ಕದಿಂದ ಬರುತ್ತೆ, ಆದರೆ ಅದು ಒಳ್ಳೆಯ ಕ್ಯಾನ್ಸರ್’ ಅನ್ನೋ ಕತೆ. ಇಂಗ್ಲಿಷ್ ಪತ್ರಿಕೆಗಳಲ್ಲಿ ಹುಟ್ಟಿ, ಈಗ ಕನ್ನಡದ ಸುದ್ದಿತಾಣಗಳಿಗೆ, ಹೆಲ್ತ್ ವಿಡಿಯೊಗಳಿಗೆ ಯಥಾವತ್ತಾಗಿ ಬಂದಿಳಿದಿದೆ. ಅದರಲ್ಲಿ ಸುಳ್ಳು ಕಡಿಮೆ. ಆದರೆ ಅದು ಯಾವ ಊರಿನಲ್ಲಿ, ಯಾವ ಅಂಗದ ಬಗ್ಗೆ ನಿಜ ಅನ್ನೋದನ್ನು ವಿಮಾನ ಹತ್ತುವಾಗಲೇ ಬಿಟ್ಟು ಬಂದಿದೆ.

ಒಂದು ಪದ, ಮೂರು ಕಾಯಿಲೆ

ಮೊದಲು ನಮ್ಮ ಭಾಷೆಯ ತಪ್ಪು ಒಪ್ಪಿಕೊಳ್ಳೋಣ. ಕನ್ನಡದಲ್ಲಿ ‘ಗಂಟಲು’ ಅಂದ್ರೆ ಬಾಯಿಯ ಹಿಂಭಾಗದಿಂದ ಅನ್ನನಾಳದವರೆಗೆ ಎಲ್ಲವೂ. ದನಿ ಕೂತರೂ ಗಂಟಲು, ಅನ್ನ ಸಿಕ್ಕಿಕೊಂಡರೂ ಗಂಟಲು. ಮಾತಿಗೆ ಇದು ಸಾಕು, ಕ್ಯಾನ್ಸರ್‌ಗೆ ಸಾಲದು.

ಮೂಗಿನ ಹಿಂದೆ, ಮೇಲ್ಗಡೆ ಒಂದು ಭಾಗ ಇದೆ. ಅಲ್ಲಿನ ಕ್ಯಾನ್ಸರ್‌ಗೆ ಹತ್ತಿರದ ನಂಟಿರೋದು ಎಪ್‌ಸ್ಟೀನ್-ಬಾರ್ ವೈರಸ್‌ಗೆ. 1964ರಲ್ಲಿ ಎಪ್‌ಸ್ಟೀನ್, ಅಚಾಂಗ್ ಮತ್ತು ಬಾರ್ ಅದನ್ನು ಮೊದಲು ಕಂಡದ್ದು ಬೇರೆಯದೇ ಒಂದು ಗೆಡ್ಡೆಯಲ್ಲಿ. ಆಫ್ರಿಕಾದ ಮಕ್ಕಳಲ್ಲಿ ಕಾಣಿಸುವ ಲಿಂಫೋಮಾ ಅದು. ಮೂಗಿನ ಹಿಂಭಾಗದ ಈ ಕ್ಯಾನ್ಸರ್ ದಕ್ಷಿಣ ಚೀನಾದಲ್ಲಿ ಹೆಚ್ಚು, ನಮ್ಮ ದೇಶದಲ್ಲಿ ನಾಗಾಲ್ಯಾಂಡ್‌ನಲ್ಲಿ ಹೆಚ್ಚು. ಬಾಯಿ ತೆರೆದರೆ ಹಿಂದೆ ಕಾಣುವ ಟಾನ್ಸಿಲ್ ಮತ್ತು ನಾಲಿಗೆಯ ಬುಡ ಎರಡನೆಯ ಭಾಗ. ಎಚ್‌ಪಿವಿ ಕತೆ ನಡೆಯೋದು ಮುಖ್ಯವಾಗಿ ಇಲ್ಲಿ. ಅದಕ್ಕೂ ಕೆಳಗೆ ಧ್ವನಿಪೆಟ್ಟಿಗೆ ಮತ್ತು ಅದರ ಸುತ್ತಲಿನ ಜಾಗ. ಅಲ್ಲಿ ಇವತ್ತಿಗೂ ತಂಬಾಕು, ಮದ್ಯ ಇವೇ ಯಜಮಾನರು.

ಅಮೆರಿಕದ ಪತ್ರಿಕೆ ‘ವೈರಸ್‌ನ ಗಂಟಲು ಕ್ಯಾನ್ಸರ್’ ಅಂದಾಗ ಎರಡನೆಯ ಭಾಗದ ಬಗ್ಗೆ ಮಾತಾಡ್ತಿರುತ್ತೆ. ಅದು ಕನ್ನಡಕ್ಕೆ ಬಂದ ಕೂಡಲೇ ಮೂರೂ ಭಾಗಕ್ಕೆ ಹರಡಿಕೊಳ್ಳುತ್ತೆ. ಇಂಗ್ಲಿಷ್‌ನವರೂ ಇದರಲ್ಲಿ ಸಾಚಾ ಏನಲ್ಲ. 2013ರ ಜೂನ್‌ನಲ್ಲಿ ಹಾಲಿವುಡ್ ನಟ ಮೈಕಲ್ ಡಗ್ಲಸ್ ‘ಗಾರ್ಡಿಯನ್’ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ತಮ್ಮ ಗಂಟಲು ಕ್ಯಾನ್ಸರ್‌ಗೆ ಎಚ್‌ಪಿವಿ ಮತ್ತು ಮುಖಮೈಥುನ ಕಾರಣ ಅನ್ನುವ ಅರ್ಥದ ಮಾತು ಆಡಿದರು. ಜಗತ್ತಿಗೆಲ್ಲ ಸುದ್ದಿ ಆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರೇ ಇನ್ನೊಂದು ಕಾರ್ಯಕ್ರಮದಲ್ಲಿ, ತನಗೆ ಆಗಿದ್ದು ನಿಜವಾಗಿ ನಾಲಿಗೆಯ ಕ್ಯಾನ್ಸರ್, ವೈದ್ಯರ ಸಲಹೆಯಂತೆ ಗಂಟಲು ಅಂದಿದ್ದೆ ಅಂತ ಹೇಳಿದರು. ಮೊದಲನೆಯ ಸುದ್ದಿ ಓದಿದವರಲ್ಲಿ ಎಷ್ಟು ಜನ ಎರಡನೆಯದನ್ನು ಓದಿದರು ಅಂತ ನೀವೇ ಊಹಿಸಿ.

ಕಾವಲುಗಾರರು ಮತ್ತು ಕಳ್ಳರು

ಈಗ ಪ್ರೋಟೀನ್‌ಗಳ ವಿಷಯ. ಇದನ್ನು ಬಿಟ್ಟು ಮುಂದೆ ಹೋದರೆ ರಿಪೋರ್ಟಿನ ಆ ಕೊನೆಯ ಸಾಲು ಅರ್ಥವಾಗೋದಿಲ್ಲ.

ನಮ್ಮ ಪ್ರತಿ ಜೀವಕೋಶದಲ್ಲೂ, ಅದು ಬೇಕಾಬಿಟ್ಟಿ ಎರಡಾಗಿ ಒಡೆಯದ ಹಾಗೆ ನೋಡಿಕೊಳ್ಳುವ ಕಾವಲುಗಾರ ಪ್ರೋಟೀನ್‌ಗಳಿವೆ. ಇಬ್ಬರನ್ನು ನೆನಪಿಟ್ಟುಕೊಳ್ಳಿ. ಒಬ್ಬ ಪಿ53. ಡಿಎನ್‌ಎಗೆ ಪೆಟ್ಟಾದರೆ ಕೋಶದ ಕೆಲಸ ನಿಲ್ಲಿಸ್ತಾನೆ, ರಿಪೇರಿ ಆಗದಿದ್ದರೆ ಕೋಶವನ್ನೇ ಸಾಯಿಸ್ತಾನೆ. ಇನ್ನೊಬ್ಬ ಆರ್‌ಬಿ. ಕೋಶ ಒಡೆಯೋಕೆ ಬೇಕಾದ ವಂಶವಾಹಿಗಳಿಗೆ ಬೀಗ ಹಾಕಿ ಕೂತಿರ್ತಾನೆ.

ಎಚ್‌ಪಿವಿಯಲ್ಲಿ ಬಹಳ ಬಗೆಗಳಿವೆ, ಗಂಟಲಿನ ಮಟ್ಟಿಗೆ ಮುಖ್ಯವಾದದ್ದು 16ನೆಯದು. ಅದರ ಇಡೀ ವಂಶವಾಹಿ ಸರಕು ಸುಮಾರು 7,900 ಅಕ್ಷರ, ಅಷ್ಟೇ. ನಮ್ಮದು 300 ಕೋಟಿಗೂ ಹೆಚ್ಚು. ಆದರೆ ಆ ಪುಟ್ಟ ಚೀಟಿಯಲ್ಲಿ ಎರಡು ಪ್ರೋಟೀನ್‌ಗಳ ಸೂತ್ರ ಇದೆ, ಇ6 ಮತ್ತು ಇ7. ಇ6 ನಮ್ಮ ಕೋಶದ್ದೇ ಇನ್ನೊಂದು ಪ್ರೋಟೀನನ್ನು ಜೊತೆಗೆ ಸೇರಿಸಿಕೊಂಡು ಪಿ53ಗೆ ‘ಕಸ’ ಅಂತ ಚೀಟಿ ಅಂಟಿಸುತ್ತೆ. ಕೋಶದ ಕಸದ ಯಂತ್ರ ಅದನ್ನು ಪುಡಿ ಮಾಡುತ್ತೆ. ಇ7 ಹೋಗಿ ಆರ್‌ಬಿಯನ್ನು ಹಿಡಿದುಕೊಂಡು ಬೀಗ ತೆಗೆಸುತ್ತೆ. ಟಾನ್ಸಿಲ್‌ನ ಒಳಗಿನ ಸಣ್ಣ ಸಣ್ಣ ಸಂದುಗಳು ವೈರಸ್‌ಗೆ ಕೂರೋಕೆ ಅನುಕೂಲದ ಜಾಗ.

ತಂಬಾಕು ಕೂಡ ಹೆಚ್ಚುಕಡಿಮೆ ಇದೇ ಕಾವಲನ್ನು ಮುರಿಯುತ್ತೆ, ದಾರಿ ಬೇರೆ. 2015ರಲ್ಲಿ ಅಮೆರಿಕದ ‘ಕ್ಯಾನ್ಸರ್ ಜೀನೋಮ್ ಅಟ್ಲಾಸ್’ ತಂಡ ತಲೆ-ಕುತ್ತಿಗೆಯ 279 ಗೆಡ್ಡೆಗಳ ವಿವರ ಪ್ರಕಟಿಸಿತು. ಧೂಮಪಾನಕ್ಕೆ ಸಂಬಂಧಿಸಿದ ಗೆಡ್ಡೆಗಳಲ್ಲಿ ಪಿ53ರ ವಂಶವಾಹಿಯೇ ಹಾಳಾಗಿರೋದು ಬಹುತೇಕ ಎಲ್ಲದರಲ್ಲೂ ಕಂಡಿತ್ತು. ವ್ಯತ್ಯಾಸ ಇಷ್ಟು: ವೈರಸ್ ಕಾವಲುಗಾರನನ್ನು ದಿನಾ ಹೊತ್ತುಕೊಂಡು ಹೋಗುತ್ತೆ, ಆದರೆ ಹೊಸ ಕಾವಲುಗಾರನನ್ನು ಮಾಡುವ ಸೂತ್ರ ಕೋಶದಲ್ಲಿ ಹಾಗೇ ಉಳಿದಿರುತ್ತೆ. ತಂಬಾಕು ಆ ಸೂತ್ರವನ್ನೇ ತಿದ್ದಿಬಿಡುತ್ತೆ. ವೈರಸ್‌ನ ಗೆಡ್ಡೆಗಳು ರೇಡಿಯೇಷನ್‌ಗೆ ಚೆನ್ನಾಗಿ ಬಗ್ಗೋದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆಗಳಲ್ಲಿ ಇದೂ ಒಂದು.

ಹಾಗಾದರೆ ಪಿ16 ಯಾರು? ಅವನು ವೈರಸ್‌ನವನಲ್ಲ, ನಮ್ಮವನೇ. ಆರ್‌ಬಿಯ ಬೀಗ ಭದ್ರವಾಗಿರಲಿ ಅಂತ ನೋಡಿಕೊಳ್ಳುವ ಬ್ರೇಕ್. ಆರ್‌ಬಿ ಇರುವಷ್ಟು ದಿನ ಪಿ16 ಹತೋಟಿಯಲ್ಲಿರುತ್ತೆ. ಇ7 ಆರ್‌ಬಿಯನ್ನು ಕೆಡಿಸಿದ ಮೇಲೆ ಕೋಶ ಗಾಬರಿಯಾಗಿ ಪಿ16 ಅನ್ನು ರಾಶಿ ರಾಶಿ ಮಾಡೋಕೆ ಶುರು ಮಾಡುತ್ತೆ. ವೈರು ಕಿತ್ತ ಬ್ರೇಕನ್ನು ಡ್ರೈವರ್ ಒತ್ತುತ್ತಲೇ ಇರ್ತಾನಲ್ಲ, ಹಾಗೆ. ಲ್ಯಾಬಿನವರು ಬಯಾಪ್ಸಿ ತುಂಡಿಗೆ ಬಣ್ಣ ಹಾಕಿ ನೋಡ್ತಾರೆ. ಗೆಡ್ಡೆಯ ಕೋಶಗಳಲ್ಲಿ ಶೇಕಡಾ 70ರಷ್ಟಾದರೂ ಗಾಢವಾಗಿ ಬಣ್ಣ ಹಿಡಿದರೆ ‘ಪಿ16 ಪಾಸಿಟಿವ್’. ಅಗ್ಗದ ಪರೀಕ್ಷೆ, ಬೇಗ ಆಗುತ್ತೆ, ಸಾಮಾನ್ಯ ಲ್ಯಾಬಿನಲ್ಲೂ ಮಾಡಬಹುದು.

ಈಗ ಗಮನಿಸಿ. ಪಿ16 ಪರೀಕ್ಷೆ ವೈರಸ್‌ ಅನ್ನು ನೋಡೋದೇ ಇಲ್ಲ. ಬ್ರೇಕ್ ಒತ್ತುವ ಸದ್ದನ್ನು ಕೇಳಿ, ವೈರು ಕಿತ್ತವನು ಇಂಥವನೇ ಅಂತ ಊಹಿಸುತ್ತೆ. ವೈರಸ್ ಇಲ್ಲದೆಯೂ ಬೇರೆ ಕಾರಣಕ್ಕೆ ಆರ್‌ಬಿ ಹಾಳಾದರೆ ಅದೇ ಸದ್ದು ಬರುತ್ತೆ.

ಲೋಬಾನ ಮತ್ತು ಅಲಾರಂ

ಒಮಾನ್‌ನಲ್ಲಿ ಇದ್ದವರಿಗೆ ಇದು ಬೇಗ ತಿಳಿಯುತ್ತೆ. ಇಲ್ಲಿ ಮನೆಮನೆಯಲ್ಲೂ ಧೋಫಾರ್‌ನ ಲೋಬಾನ ಹಾಕ್ತಾರೆ, ಸಂಜೆಯಾದರೆ ಕಾರಿಡಾರ್ ತುಂಬ ಪರಿಮಳ. ನಮ್ಮ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಹೊಗೆ ಅಲಾರಂ ಹೊಡೆದರೆ ಯಾರೂ ಮೆಟ್ಟಿಲಿಳಿದು ಓಡ್ತಿರಲಿಲ್ಲ. ಯಾರದೋ ಮನೆಯ ಲೋಬಾನ ಅಂತ ಎಲ್ಲರಿಗೂ ಗೊತ್ತು. ಅದೇ ಅಲಾರಂ, ಅದೇ ಕಂಪನಿಯದ್ದು, ಲೋಬಾನ ಯಾರೂ ಹಾಕದ ಊರಿನಲ್ಲಿ ಹೊಡೆದರೆ ಜನ ಓಡೋದು ಸರಿ. ಅಲಾರಂ ಬದಲಾಗಲಿಲ್ಲ, ಕಟ್ಟಡ ಬದಲಾಯಿತು.

ಪಿ16 ಇಂಥ ಅಲಾರಂ. 2023ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಟಾನ್ಸಿಲ್, ನಾಲಿಗೆಬುಡದ ಕ್ಯಾನ್ಸರ್ ಇದ್ದ 7,654 ರೋಗಿಗಳಲ್ಲಿ ಪಿ16 ಮತ್ತು ನಿಜವಾದ ವೈರಸ್ ಪರೀಕ್ಷೆ ಎರಡನ್ನೂ ಹೋಲಿಸಿದ್ದರು. ಪಿ16 ಪಾಸಿಟಿವ್ ಬಂದವರಲ್ಲಿ ಶೇಕಡಾ 10.9 ಜನರಲ್ಲಿ ವೈರಸ್ ಇರಲೇ ಇಲ್ಲ. ಐದು ವರ್ಷದ ನಂತರ ಬದುಕಿದ್ದವರ ಲೆಕ್ಕ ಹೀಗಿತ್ತು: ಪಿ16 ಮತ್ತು ವೈರಸ್ ಎರಡೂ ಇದ್ದವರಲ್ಲಿ ಶೇಕಡಾ 81.1, ಎರಡೂ ಇಲ್ಲದವರಲ್ಲಿ 40.4, ಪಿ16 ಇದ್ದು ವೈರಸ್ ಇಲ್ಲದವರಲ್ಲಿ 54.7. ವೈರಸ್ ಕಡಿಮೆ ಇರುವ ಪ್ರದೇಶಗಳಲ್ಲಿ ಈ ಎರಡು ಪರೀಕ್ಷೆಗಳ ತಾಳ ಹೆಚ್ಚು ತಪ್ಪುತ್ತೆ ಅನ್ನೋದೂ ಅದರಲ್ಲೇ ಕಂಡಿತ್ತು.

ಇದನ್ನು ನಮ್ಮ ಕಡೆಗೆ ತಿರುಗಿಸೋಣ. ಆ ಅಧ್ಯಯನದ ಅಂಕಿಗಳಿಂದ ಸ್ಥೂಲವಾಗಿ ಲೆಕ್ಕ ಹಾಕಿದರೆ, ವೈರಸ್ ಇರುವ 100 ಗೆಡ್ಡೆಗಳಲ್ಲಿ 92 ಪಿ16 ಪಾಸಿಟಿವ್ ಆಗುತ್ತವೆ, ವೈರಸ್ ಇಲ್ಲದ 100ರಲ್ಲಿ 10. ಅಮೆರಿಕದಲ್ಲಿ ಈ ಜಾಗದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇಕಡಾ 70ಕ್ಕೆ ಎಚ್‌ಪಿವಿ ಕಾರಣ ಅಂತ ಅಲ್ಲಿನ ಸಿಡಿಸಿ ಹೇಳುತ್ತೆ. ಅಂದ್ರೆ ಅಲ್ಲಿನ 100 ರೋಗಿಗಳಲ್ಲಿ 70 ಜನ ವೈರಸ್‌ನವರು, ಅವರಲ್ಲಿ 64 ಪಾಸಿಟಿವ್. ಉಳಿದ 30ರಲ್ಲಿ 3 ಪಾಸಿಟಿವ್. ಒಟ್ಟು 67 ಪಾಸಿಟಿವ್, ಅದರಲ್ಲಿ 64 ನಿಜವಾಗಿ ವೈರಸ್. ಊಹೆ ಬಹಳ ಗಟ್ಟಿ.

ಈಗ ವೈರಸ್‌ನಿಂದ ಬರುವವರು 100ಕ್ಕೆ 10 ಜನ ಮಾತ್ರ ಇರುವ ಒಂದು ಊರು ಅಂದುಕೊಳ್ಳಿ. ಆ 10ರಲ್ಲಿ 9 ಪಾಸಿಟಿವ್. ಉಳಿದ 90ರಲ್ಲೂ 9 ಪಾಸಿಟಿವ್. ಒಟ್ಟು 18. ಅದರಲ್ಲಿ ವೈರಸ್ ಇರೋದು ಅರ್ಧ ಜನರಲ್ಲಿ. ನಾಣ್ಯ ಎಸೆದ ಹಾಗೆ!

ಈ ‘10’ ನಾನು ಉದಾಹರಣೆಗೆ ತಗೊಂಡ ಸಂಖ್ಯೆ, ಯಾವ ಆಸ್ಪತ್ರೆಯ ಲೆಕ್ಕವೂ ಅಲ್ಲ. ಭಾರತದ ವರದಿಗಳು ಒಂದಕ್ಕೊಂದು ಹೊಂದೋದಿಲ್ಲ. ಆದರೆ ತಂಬಾಕು, ಅಡಿಕೆ ಇಷ್ಟು ಬಳಕೆಯಲ್ಲಿರುವ ನಮ್ಮಲ್ಲಿ ವೈರಸ್‌ನ ಪಾಲು ಅಮೆರಿಕಕ್ಕಿಂತ ಬಹಳ ಕಡಿಮೆ ಅನ್ನೋದರಲ್ಲಿ ತಕರಾರಿಲ್ಲ. ಇನ್ನೊಂದು ಸಂಗತಿ: 7,654 ಜನರ ಆ ಅಧ್ಯಯನ ಬಂದದ್ದು ಕೆನಡಾ ಮತ್ತು ಯುರೋಪಿನ ದೇಶಗಳು ಸೇರಿ ಒಟ್ಟು ಒಂಬತ್ತು ದೇಶಗಳಿಂದ. ಅದರಲ್ಲಿ ಭಾರತ ಇಲ್ಲ, ಒಮಾನ್ ಇಲ್ಲ. ಅಡಿಕೆ ಅಗಿಯುವ ಬಾಯಿಗಳು ಹೆಚ್ಚಿರುವ ಕಡೆ ಪಿ16 ಹೇಗೆ ನಡೆದುಕೊಳ್ಳುತ್ತೆ ಅನ್ನೋದನ್ನು ಯುರೋಪಿನ ಅಂಕಿಯಿಂದ ನಾವು ಕಡ ತಂದು ಲೆಕ್ಕ ಹಾಕ್ತಿದ್ದೀವಿ. ನನ್ನ ಮೇಲಿನ ಲೆಕ್ಕವೂ ಸೇರಿ.

ಮಾವನ ರಿಪೋರ್ಟ್ ಮಸ್ಕತ್‌ನಲ್ಲಿ ಹುಟ್ಟಿತು, ನ್ಯೂಜೆರ್ಸಿಯಲ್ಲಿ ಅರ್ಥ ಪಡೆಯಿತು, ಚಿಕಿತ್ಸೆ ಆಗೋದು ದಕ್ಷಿಣ ಕನ್ನಡದಲ್ಲಿ. ಪರದೇಶದಲ್ಲಿರುವ ನಮ್ಮಂಥ ಕುಟುಂಬಗಳಲ್ಲಿ ರಿಪೋರ್ಟುಗಳು ಹೀಗೇ ಓಡಾಡೋದು. ಓದುವವರು ಯಾವ ದೇಶದ ಪುಟ ತೆರೆದು ಓದಿದರು ಅನ್ನೋದನ್ನು ಯಾರೂ ಕೇಳೋದಿಲ್ಲ.

‘ಒಳ್ಳೆಯ ಕ್ಯಾನ್ಸರ್’ ಅನ್ನೋ ಮಾತು

ಈ ಮಾತಿಗೆ ಒಂದು ಗಟ್ಟಿ ಬುನಾದಿ ಇದೆ, ಅದನ್ನು ಅಲ್ಲಗಳೆಯಬಾರದು. 2010ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಅಧ್ಯಯನದಲ್ಲಿ, ಎಚ್‌ಪಿವಿ ಇದ್ದವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ಶೇಕಡಾ 82.4, ಇಲ್ಲದವರಲ್ಲಿ 57.1. ಇಷ್ಟು ದೊಡ್ಡ ಅಂತರ ನೋಡಿ ಕ್ಯಾನ್ಸರ್‌ನ ಹಂತಗಳನ್ನು ಎಣಿಸುವ ನಿಯಮವನ್ನೇ ಬದಲಿಸಿದರು. 2018ರಿಂದ ಅಮೆರಿಕದಲ್ಲಿ ಜಾರಿಗೆ ಬಂದ ಎಂಟನೆಯ ಆವೃತ್ತಿಯ ನಿಯಮದಲ್ಲಿ, ಟಾನ್ಸಿಲ್‌ನಲ್ಲಿ ಸಣ್ಣ ಗೆಡ್ಡೆ, ಕುತ್ತಿಗೆಯ ಒಂದೇ ಪಕ್ಕದಲ್ಲಿ ಆರು ಸೆಂಟಿಮೀಟರ್ ಮೀರದ ಹಲವು ಗಂಟುಗಳಿದ್ದರೆ, ಪಿ16 ಪಾಸಿಟಿವ್ ಆದವರಿಗೆ ಅದು ಒಂದನೆಯ ಹಂತ. ಅದೇ ಗೆಡ್ಡೆ, ಅದೇ ಗಂಟು, ಪಿ16 ನೆಗೆಟಿವ್ ಆದರೆ ನಾಲ್ಕನೆಯ ಹಂತ.

ಒಂದು ಬಣ್ಣದ ಪರೀಕ್ಷೆಯ ಮೇಲೆ ಒಂದಕ್ಕೂ ನಾಲ್ಕಕ್ಕೂ ನಡುವಿನ ಜಿಗಿತ. ವೈರಸ್ ಹೆಚ್ಚಿರುವ ದೇಶದಲ್ಲಿ ಕೂತು ಮಾಡಿದವರಿಗೆ ಇದು ಸಹಜವಾಗಿ ಕಂಡಿರಬೇಕು. ಪಿ16 ಮಾಡೋದು ಎಲ್ಲೆಡೆ ಸಾಧ್ಯ, ವೈರಸ್ ಪರೀಕ್ಷೆ ಎಲ್ಲೆಡೆ ಸಿಗೋದಿಲ್ಲ ಅನ್ನೋ ಒಳ್ಳೆಯ ಉದ್ದೇಶವೂ ಇತ್ತು. ಆದರೆ ಪರಿಣಾಮ ನೋಡಿ: ವೈರಸ್ ಪರೀಕ್ಷೆ ಎಲ್ಲಿ ಸುಲಭಕ್ಕೆ ಸಿಗೋದಿಲ್ಲವೋ ಹೆಚ್ಚಾಗಿ ಅಲ್ಲೇ ಪಿ16ರ ಊಹೆಯೂ ದುರ್ಬಲ. ಬಡವರ ಅನುಕೂಲಕ್ಕೆ ಅಂತ ಮಾಡಿದ ಅಳತೆಗೋಲು ಬಡವರ ಊರಿನಲ್ಲೇ ಹೆಚ್ಚು ತಪ್ಪು ಅಳೆಯುತ್ತೆ.

‘ಒಳ್ಳೆಯದು, ಹಾಗಾದರೆ ಚಿಕಿತ್ಸೆ ಸ್ವಲ್ಪ ಹಗುರ ಮಾಡೋಣ’ ಅನ್ನೋದು ಮುಂದಿನ ಹೆಜ್ಜೆ. ಸಿಸ್‌ಪ್ಲಾಟಿನ್ ಅನ್ನೋ ಕಠಿಣ ಕೀಮೊ ಬದಲು ಸೆಟುಕ್ಸಿಮ್ಯಾಬ್ ಕೊಟ್ಟರೆ ಅಡ್ಡಪರಿಣಾಮ ಕಡಿಮೆ ಆಗಬಹುದು ಅಂತ ಎರಡು ದೊಡ್ಡ ಪ್ರಯೋಗಗಳು ನಡೆದವು. ಎರಡರ ಫಲಿತಾಂಶವೂ 2018ರ ಕೊನೆಯಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಯುರೋಪಿನ ಪ್ರಯೋಗದಲ್ಲಿ ಎರಡು ವರ್ಷದ ನಂತರ ಬದುಕಿದ್ದವರು ಸಿಸ್‌ಪ್ಲಾಟಿನ್ ಕಡೆ ಶೇಕಡಾ 97.5, ಹೊಸ ಔಷಧದ ಕಡೆ 89.4. ಉತ್ತರ ಅಮೆರಿಕದ ಪ್ರಯೋಗದಲ್ಲಿ ಐದು ವರ್ಷಕ್ಕೆ 84.6 ಮತ್ತು 77.9. ಹಗುರ ಮಾಡಲು ಹೋಗಿ ಜೀವಗಳು ಹೋದವು. ಇವರೆಲ್ಲ ಪಿ16 ಪಾಸಿಟಿವ್ ‘ಒಳ್ಳೆಯ ಕ್ಯಾನ್ಸರ್’ನವರೇ.

ಹಾಗಾಗಿ ಕನ್ನಡದ ಯಾವುದೇ ಬರಹ, ವಿಡಿಯೊ ‘ಇದು ಒಳ್ಳೆಯ ಕ್ಯಾನ್ಸರ್’ ಅಂದಾಗ ನನಗೆ ಸಿಟ್ಟು ಬರೋದು. ಗುಂಪಿನ ಸರಾಸರಿಯನ್ನು ಎತ್ತಿ ಒಬ್ಬ ಮನುಷ್ಯನ ಹಣೆಗೆ ಅಂಟಿಸೋದು ಅದು. ನಮ್ಮ ಕಸುಬಿನಲ್ಲಿ ಹೀಗೆ ಮಾಡಿದರೆ ಗಿರಾಕಿಗೆ ದುಡ್ಡು ನಷ್ಟ. ಇಲ್ಲಿ ನಷ್ಟ ಬೇರೆ ತರಹದ್ದು.

ಅತ್ತೆಯ ಪ್ರಶ್ನೆ

ಈಗ ಅತ್ತೆಯ ಫೋನ್‌ಗೆ ಬರೋಣ. ಆ ಕತೆಯ ನಡುವಿನ ವಾಕ್ಯ, ‘ಲೈಂಗಿಕ ಸಂಪರ್ಕದಿಂದ ಬರುತ್ತೆ’ ಅನ್ನೋದು, ಎಪ್ಪತ್ತರ ಹತ್ತಿರದ ಹೆಂಗಸೊಬ್ಬರಿಗೆ ಏನು ಮಾಡಿತು ಅಂತ ಅದನ್ನು ಬರೆದವರು ಯೋಚಿಸಿರಲಿಲ್ಲ. ಗಂಡ ಗಲ್ಫ್‌ನಲ್ಲಿ, ಹೆಂಡತಿ ಊರಿನಲ್ಲಿ, ವರ್ಷಕ್ಕೊಂದು ಸಲ ರಜೆ. ಕರಾವಳಿಯ ಎಷ್ಟು ಸಾವಿರ ಮನೆಗಳ ಚರಿತ್ರೆ ಇದು! ಇಡೀ ಸಂಸಾರದ ಇಪ್ಪತ್ತು ವರ್ಷದ ಮೇಲೆ ಒಂದು ಸಾಲು ಅನುಮಾನ ಎರಚಿತು.

ವಿಜ್ಞಾನ ಹೇಳೋದು ಇಷ್ಟು. ಎಚ್‌ಪಿವಿ ಬಹಳ ಸಾಮಾನ್ಯ. ಬಹುಪಾಲು ಜನರಿಗೆ ಬದುಕಿನಲ್ಲಿ ಒಂದಲ್ಲ ಒಂದು ಸಲ ಬಂದು, ಗೊತ್ತೇ ಆಗದೆ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತೆ. ಕೆಲವರಲ್ಲಿ ಮಾತ್ರ ಉಳಿಯುತ್ತೆ, ಅದು ಕ್ಯಾನ್ಸರ್ ಆಗೋಕೆ ದಶಕಗಳು ಬೇಕು. ಹಾಗಾಗಿ ಯಾರಿಂದ, ಯಾವಾಗ ಬಂತು ಅಂತ ಹಿಂದಕ್ಕೆ ಎಣಿಸೋಕೆ ದಾರಿಯೇ ಇಲ್ಲ. ಮದುವೆಗೂ ಮೊದಲಿನದ್ದಿರಬಹುದು. ಇದನ್ನು ಹೇಳೋಕೆ ಎರಡು ವಾಕ್ಯ ಸಾಕು. ನಾನು ನೋಡಿದ ಕನ್ನಡ ವಿಡಿಯೊಗಳಲ್ಲಿ ಆ ಎರಡು ವಾಕ್ಯ ಇರಲಿಲ್ಲ. ಒಂದೋ ಸೆಕ್ಸ್ ಅನ್ನೋ ಪದವನ್ನೇ ನುಂಗಿಕೊಂಡು ‘ಕೆಟ್ಟ ಚಟ’ ಅನ್ನೋದು, ಇಲ್ಲ ಅಂದ್ರೆ ಥಂಬ್‌ನೇಲ್‌ನಲ್ಲಿ ಅದನ್ನೇ ದೊಡ್ಡದಾಗಿ ಹಾಕೋದು. ವೈದ್ಯೆ, ಲೇಖಕಿ ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ ಬರೆದ ಭಾಷೆ ಇದು. ದೇಹದ ಬಗ್ಗೆ, ದಾಂಪತ್ಯದ ಬಗ್ಗೆ ಮುಜುಗರ ಇಲ್ಲದೆ ಮಾತಾಡುವ ಕನ್ನಡ ನಮಗೆ ಹೊಸದೇನಲ್ಲ. ಮರೆತಿದ್ದೀವಿ ಅಷ್ಟೇ.

ಒಂದು ಪದ ನೋಡಿ: ಗರ್ಭಕಂಠ. ಗರ್ಭಕೋಶದ ಕಂಠ, ಕೊರಳು. ಎಚ್‌ಪಿವಿ ಅಲ್ಲೂ ಇದೇ ಇ6, ಇ7 ಹಿಡಿದುಕೊಂಡೇ ಕೆಲಸ ಮಾಡೋದು. ಗರ್ಭಕಂಠದ ಕ್ಯಾನ್ಸರ್‌ಗೆ ಈ ವೈರಸ್ ಕಾರಣ ಅಂತ ತೋರಿಸಿದ್ದಕ್ಕೆ ಹೆರಾಲ್ಡ್ ಜುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಎರಡು ಕಂಠ, ಒಂದೇ ವೈರಸ್ ಅನ್ನೋದನ್ನು ಕನ್ನಡ ಪದವೇ ಜೋಡಿಸಿ ಕೊಡುತ್ತೆ. ಆದರೆ ನಮ್ಮ ಚರ್ಚೆ ಒಂದು ಕಂಠದಲ್ಲೇ ನಿಂತಿದೆ. 2024ರ ಫೆಬ್ರುವರಿ 1ರಂದು ಕೇಂದ್ರದ ಮಧ್ಯಂತರ ಬಜೆಟ್‌ನಲ್ಲಿ 9ರಿಂದ 14 ವರ್ಷದ ಹೆಣ್ಣುಮಕ್ಕಳ ಲಸಿಕೆಗೆ ಉತ್ತೇಜನ ಕೊಡುವ ಮಾತು ಬಂತು. ಮರುದಿನ ನಟಿಯೊಬ್ಬರು ಗರ್ಭಕಂಠದ ಕ್ಯಾನ್ಸರ್‌ನಿಂದ ಸತ್ತರು ಅಂತ ಸುದ್ದಿ ಹಬ್ಬಿ, ಅದರ ಮರುದಿನ ಅವರೇ ಬದುಕಿದ್ದೇನೆ ಅಂತ ಬಂದರು. ಆ ಗದ್ದಲದಲ್ಲಿ ನಾನು ಕೇಳಿದ ಮಾತುಗಳಲ್ಲಿ ಗಂಡುಮಕ್ಕಳ ಗಂಟಲಿನ ಪ್ರಸ್ತಾಪವೇ ಇರಲಿಲ್ಲ. ಅಮೆರಿಕದ ಎಫ್‌ಡಿಎ 2020ರಲ್ಲೇ ಈ ಲಸಿಕೆಯ ಉಪಯೋಗಗಳ ಪಟ್ಟಿಗೆ ಗಂಟಲು ಮತ್ತು ತಲೆ-ಕುತ್ತಿಗೆಯ ಕ್ಯಾನ್ಸರ್ ತಡೆಯನ್ನು ಸೇರಿಸಿತ್ತು. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಬೆಳೆಯುತ್ತಿರುವ ಹುಡುಗರೇ, ಈ ಭಾಗ ನಿಮಗೆ. ನಿಮ್ಮ ಊರಿನ ಕಟ್ಟಡದಲ್ಲಿ ಈ ಅಲಾರಂ ನಿಜವಾದದ್ದು.

ನಮ್ಮ ಬಾಯಿಯ ಕತೆ

ಇಷ್ಟು ಓದಿ ‘ಹಾಗಾದರೆ ವೈರಸ್ ಬಿಳಿಯರ ಕಾಯಿಲೆ, ನಮ್ಮದು ಬರೀ ಗುಟ್ಕಾ’ ಅಂತ ತೀರ್ಪು ಕೊಡಬೇಡಿ. ಅದು ಇನ್ನೊಂದು ಬಗೆಯ ಸೋಮಾರಿತನ. ಏನನ್ನೂ ಅಗಿಯದ, ಸೇದದ ನಮ್ಮವರಲ್ಲೂ ವೈರಸ್‌ನ ಗೆಡ್ಡೆ ಬರುತ್ತೆ. ಪರೀಕ್ಷೆ ಮಾಡದೆ ‘ಚಟ ಇರಬೇಕು’ ಅಂತ ಅವರನ್ನು ಅವಮಾನ ಮಾಡೋದೂ ನಡೆಯುತ್ತೆ.

ಆದರೆ ವೈರಸ್ ಕತೆಯ ಹೊಸತನಕ್ಕೆ ಮರುಳಾಗಿ ಹಳೆಯ ಕಾರಣವನ್ನು ಪಕ್ಕಕ್ಕೆ ಸರಿಸೋದು ನಮಗೆ ಬಹಳ ಆರಾಮ. ಯಾಕಂದ್ರೆ ಹಳೆಯ ಕಾರಣ ನಮ್ಮ ತೋಟದಲ್ಲಿ ಬೆಳೆಯುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೊಗೆಸೊಪ್ಪು ಸೇರದ ಎಲೆ-ಅಡಿಕೆಯನ್ನೂ, ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯೋದು ಕರ್ನಾಟಕ. ಮದುವೆಯ ತಾಂಬೂಲದಿಂದ ಮಗಳ ಕಾಲೇಜ್ ಫೀಸಿನವರೆಗೆ ಅಡಿಕೆಯಿಂದ ನಡೆದ ಮನೆಗಳು ನಮ್ಮವು. ಇದನ್ನು ಬರೆಯುವಾಗ ನನ್ನ ಕೈಯೂ ಸ್ವಲ್ಪ ತಡೆಯುತ್ತೆ. 2013ರಲ್ಲಿ ಕರ್ನಾಟಕ ಸರ್ಕಾರ ಗುಟ್ಕಾ ನಿಷೇಧಿಸಿದ ಮೇಲೆ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಬಂದಿದ್ದನ್ನು ನೀವೂ ನೋಡಿರ್ತೀರಿ.

ಒಮಾನ್‌ಗೂ ತನ್ನದೇ ಒಂದು ಪುಡಿ ಇದೆ, ಹೆಸರು ಅಫ್ಜಲ್. ತುಟಿ-ವಸಡಿನ ನಡುವೆ ಇಟ್ಟುಕೊಳ್ಳುವ ತಂಬಾಕು. ಸುಲ್ತಾನ್ ಕಾಬೂಸ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಪರೀಕ್ಷಿಸಿ, ಕ್ಯಾನ್ಸರ್ ತರುವ ನೈಟ್ರೋಸಮೈನ್‌ಗಳು ಇರೋದನ್ನು ತೋರಿಸಿದ್ದಾರೆ. ಜಗಿಯುವ ತಂಬಾಕಿನ ಮಾರಾಟ ಈ ದೇಶದಲ್ಲಿ ನಿಷಿದ್ಧ. ಆದರೂ ಊರಿನಿಂದ ಬರುವವರ ಬ್ಯಾಗಿನಲ್ಲಿ ಬಟ್ಟೆಯ ಮಡಿಕೆಯೊಳಗೆ ಪೊಟ್ಟಣಗಳು ಬರುತ್ತವೆ. ಮಾವನಿಗೂ ಬರುತ್ತಿದ್ದವು. ಹದಿನೇಳನೆಯ ವಯಸ್ಸಿನಿಂದ ಎಲೆ-ಅಡಿಕೆ, ಜೊತೆಗೆ ಹೊಗೆಸೊಪ್ಪು. ನ್ಯೂಜೆರ್ಸಿಗೆ ಹೋದ ಫೋಟೊದಲ್ಲಿ ಇದು ಇರಲಿಲ್ಲ.

ಊರಿನ ವೈದ್ಯರಿಗೆ ನಾವೇನೂ ಹೇಳಿಕೊಡಬೇಕಾಗಿ ಬರಲಿಲ್ಲ. ಮಾವನ ಹಲ್ಲು ನೋಡಿದವರೇ, ವೈರಸ್‌ನ ಪರೀಕ್ಷೆಯನ್ನು ಬೇರೆಯಾಗಿ ಮಾಡಿಸೋಣ ಅಂದರಂತೆ. ಹತ್ತು ದಿನಕ್ಕೆ ಬಂತು: ವೈರಸ್ ಇಲ್ಲ. ಅತ್ತೆಗೆ ನಾನೇ ಫೋನ್‌ನಲ್ಲಿ ಹೇಳಿದೆ. ಆಚೆಯಿಂದ ಒಂದು ಉದ್ದನೆಯ ಉಸಿರು. “ಅಬ್ಬ” ಅಂದರು. ಅವರಿಗೆ ಸಮಾಧಾನ ಆಗಿತ್ತು. ನನ್ನ ತಲೆಯಲ್ಲಿ 81.1 ಮತ್ತು 54.7 ಅನ್ನೋ ಎರಡು ಸಂಖ್ಯೆ ಓಡ್ತಿದ್ದವು. ನಾನು ಅದನ್ನು ಹೇಳಲಿಲ್ಲ. ಕೆಟ್ಟ ಸುದ್ದಿಯನ್ನು ಕೇಳಿ ಒಬ್ಬರು ಹಗುರಾಗುವ ಹಾಗೆ ಮಾಡಿದ ಆ ಕತೆಯ ಬಗ್ಗೆ ಬರೆಯಲೇಬೇಕು ಅಂತ ಅನ್ನಿಸಿದ್ದು ಆವತ್ತೇ.

ಮಾವನಿಗೆ ರೇಡಿಯೇಷನ್, ಕೀಮೊ ಎರಡೂ ಪೂರ್ತಿ ಆಗಿದೆ. ಏಳು ವಾರ. ಈಗ ಗಂಜಿ ಇಳಿಯುತ್ತಿದೆ, ದನಿ ಒಡೆದಿದೆ, ಮೂರು ತಿಂಗಳಿಗೊಮ್ಮೆ ತೋರಿಸಿ ಬರ್ತಾರೆ. ಅವರು ಸರಾಸರಿಯ ಯಾವ ಕಡೆಗೆ ಬೀಳ್ತಾರೆ ಅಂತ ಯಾವ ಲೆಕ್ಕವೂ ಹೇಳೋದಿಲ್ಲ.

ನಿಮ್ಮ ಮನೆಯ ಗ್ರೂಪ್‌ಗೂ ಒಂದು ದಿನ ಇಂಥ ಫೋಟೊ ಬರಬಹುದು. ಆಗ ಇಂಗ್ಲಿಷ್ ಚೆನ್ನಾಗಿ ಬರುವ ನಿಮ್ಮನ್ನೇ ಎಲ್ಲರೂ ಕೇಳೋದು. ಉತ್ತರ ಕೊಡುವ ಮೊದಲು ನೀವು ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಗೆಡ್ಡೆ ನಿಖರವಾಗಿ ಎಲ್ಲಿದೆ? ಪಿ16 ಅಂತ ಬರೆದಿದ್ದರೆ, ವೈರಸ್‌ನ ಪರೀಕ್ಷೆಯನ್ನೂ ಪ್ರತ್ಯೇಕವಾಗಿ ಮಾಡಿದ್ದಾರಾ? ಹಂತ ಒಂದು ಅಂದ್ರೆ, ಯಾವ ಫಲಿತಾಂಶ ನಂಬಿ ಒಂದು? ಚಿಕಿತ್ಸೆ ಹಗುರ ಮಾಡ್ತಿದ್ದರೆ, ಯಾಕೆ? ಅಮೆರಿಕದ ಪುಟ ತೆರೆಯೋದು ಆಮೇಲೆ. ಮನೆಯವರ ಹತ್ತಿರ ಅಗಿಯೋದು, ಸೇದೋದು ಎಷ್ಟು ವರ್ಷ ಅಂತ ನಾಚಿಕೆ ಬಿಟ್ಟು ಕೇಳಿಕೊಂಡು, ಅದನ್ನೂ ವೈದ್ಯರಿಗೆ ಹೇಳಿ. ಯಾರಾದರೂ ದನಿ ತಗ್ಗಿಸಿ ‘ಎಲ್ಲಿಂದ ಬಂತು’ ಅಂತ ಕೇಳಿದರೆ, ಫೋನ್ ಇಡದೆ, ಅವಸರ ಮಾಡದೆ, ಪೂರ್ತಿ ಹೇಳಿ.